ಭಿನ್ನರಾಶಿಗಳ ತಾರತಮ್ಯದಲ್ಲಿ ಸಮಚ್ಛೇದದ ಸ್ಥಾನ

ಎರಡು ಭಿನ್ನರಾಶಿಗಳಲ್ಲಿ ಹಿರಿದಾವುದು, ಕಿರಿದಾವುದು ಎಂಬುದು ಪ್ರಾಥಮಿಕ ಶಾಲೆಯ ಪ್ರಶ್ನೆ. ಇಂತಹದೊಂದನ್ನು ವಿಭಾಗದ ವಾರ್ಷಿಕ ಸಂಚಿಕೆಯಲ್ಲಿ ಚರ್ಚೆಗೆ ಎತ್ತಿಕೊಂಡುದಕ್ಕೆ ನಾವು ವಾಚಕರಿಗೆ ಕಾರಣ ಹೇಳಬೇಕಾಗುತ್ತದೆ. ಛೇದಗಳನ್ನು ಸಮಗೊಳಿಸಿ ಭಿನ್ನಗಳನ್ನು ಒಂದರ ಪಕ್ಕದಲ್ಲೊಂದು ಇಟ್ಟು ನೋಡುವ ಕ್ರಮ ಕನ್ನಡ ನಾಡಿನಲ್ಲಿ ಸಾವಿರ ವರ್ಷಗಳಿಗೂ ಹಿಂದಿನಿಂದ ಶಾಸ್ತ್ರದಲ್ಲಿಯೂ ವ್ಯವಹಾರದಲ್ಲಿಯೂ ನಡೆದು ಬಂದಿದೆ. ಹೀಗಿದ್ದರೂ ಇಂದು ತರಗತಿಯಲ್ಲಿ ಅದನ್ನು ಕಲಿಸುವ ರೀತಿಯಲ್ಲಿ ಶಾಸ್ತ್ರದ ಯುಕ್ತಿಯೂ ಕಾಣುವುದಿಲ್ಲ, ವ್ಯವಹಾರದ ಅರ್ಥವೂ ಕಾಣುವುದಿಲ್ಲ. ಈ ಕೊರತೆ ಎಲ್ಲಿಂದ ಬಂದಿತೆಂಬುದನ್ನು ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ.

ನಮ್ಮ ಗಮನವನ್ನು ಈ ಕಡೆಗೆ ಎಳೆದದ್ದು ಒಂದು ಸಣ್ಣ ಪ್ರಸಂಗ. ವಿಜಯಪುರದ ಪಶ್ಚಿಮಕ್ಕೆ ತಿಕೋಟಾ, ದಕ್ಷಿಣಕ್ಕೆ ಬಬಲೇಶ್ವರ. ಇವೆರಡೂ ಈಚಿನ ವರ್ಷಗಳಲ್ಲಿ ತಾಲ್ಲೂಕು ಕೇಂದ್ರಗಳಾದ ಊರುಗಳು. ಡೋಣಿ ಹೊಳೆಯ ಸಾಲಿನಲ್ಲಿ ಬಿಳಿಜೋಳ ಬೆಳೆಯುವ ಎರಿ ಹೊಲ, ತಿಕೋಟಾದ ಕಡೆಗೆ ದ್ರಾಕ್ಷಿ ತೋಟಗಳೆದ್ದ ಮಡ್ಡಿ, ಹೀಗೆ ಈ ಭಾಗದಲ್ಲಿ ಭೂಮಿಯ ಬಗೆಗಳು ಹಲವು. ಇವೆರಡು ಊರುಗಳ ನಡುವಣ ಒಂದು ಹಳ್ಳಿಯಲ್ಲಿ, ಮನೆಯ ಕಟ್ಟೆಯ ಮೇಲೆ ಕುಳಿತಿದ್ದಾಗ, ಏಳನೆಯ ಇಯತ್ತೆಯ ಹುಡುಗನೊಬ್ಬನನ್ನು ಎಂಟನೆಯ ಒಂದು ಪಾಲು ದೊಡ್ಡದೋ ಆರನೆಯ ಒಂದು ಪಾಲು ದೊಡ್ಡದೋ ಎಂದು ಕೇಳಿದೆವು. ಎಂಟು ದೊಡ್ಡ ಸಂಖ್ಯೆಯಾದುದರಿಂದ ಎಂಟನೆಯ ಪಾಲೇ ದೊಡ್ಡದೆಂದು ಅವನು ತಡಮಾಡದೆ ಹೇಳಿದನು. ಪಕ್ಕದಲ್ಲಿದ್ದ ಅವನ ಅಜ್ಜ ನಕ್ಕು, “ಎಂಟು ಮಂದಿಗೆ ಹೊಲಾ ಹಂಚಿದ್ರ ಒಬ್ಬಂಗ ಎಷ್ಟು ಬರ್ತದೋ, ಆರು ಮಂದಿಗೆ ಹಂಚಿದ್ರ ಎಷ್ಟು ಬರ್ತದೋ, ತಮ್ಮಾ?” ಎಂದರು. ಹುಡುಗ ನಾಚಿ ತಿದ್ದಿಕೊಂಡನು. ಇದು ಎಲ್ಲ ದೇಶಗಳ ಮಕ್ಕಳೂ ಮಾಡುವ ತಪ್ಪು. ಇಷ್ಟಕ್ಕೇ ನಿಂತಿದ್ದರೆ ಈ ಲೇಖನಕ್ಕೆ ಅವಕಾಶವಿರಲಿಲ್ಲ. ಅವನ ಜಾಣತನವನ್ನು ನೋಡೋಣವೆಂದು 3/5 ಮತ್ತು 5/8ನ್ನು ಕೊಟ್ಟೆವು. ಈ ಸಲ ಅವನು ಶಾಲೆಯಲ್ಲಿ ಕಲಿತ ಅಡ್ಡ ಗುಣಾಕಾರವನ್ನು ಸರಸರನೆ ಮಾಡಿ, “ಇಪ್ಪತ್ನಾಕು, ಇಪ್ಪತ್ತೈದು ಬಂದಾವ್ರಿ; ಅದಕ್ಕ ಎಂಟರಾಗ ಐದು ದೊಡ್ಡದು” ಎಂದನು. ಉತ್ತರ ಸರಿಯಾಗಿತ್ತು. ಇಪ್ಪತ್ತನಾಲ್ಕು ಎಂದರೆ ಏನು ಇಪ್ಪತ್ತನಾಲ್ಕು ಎಂದು ಕೇಳಿದುದಕ್ಕೆ ಮಾತ್ರ ಅವನಲ್ಲಿ ಉತ್ತರವಿರಲಿಲ್ಲ. ಉತ್ತರವನ್ನು ಹೇಳಿದವರು ಆ ಮುದುಕರು: “ಗುಂಟೆ ಅಲ್ಲೇನ್ರಿ? ಎಕರೆದಾಗ ನಲವತ್ತ ಗುಂಟೆ. ಐದರಾಗ ಮೂರು ಪಾಲಂದ್ರ ಇಪ್ಪತ್ನಾಕ ಗುಂಟೆ, ಎಂಟರಾಗ ಐದಂದ್ರ ಇಪ್ಪತ್ತೈದು.”

ಈ ಒಂದು ಮಾತಿನಲ್ಲಿ ಸಮಚ್ಛೇದದ ತತ್ತ್ವವೆಲ್ಲ ಅಡಗಿದೆಯೆಂದು ನಾವು ಬಲ್ಲೆವು. 5 ಮತ್ತು 8ರ ಸಾಮಾನ್ಯ ಛೇದ 40. ಎಕರೆಯ ಗುಂಟೆಗಳೂ 40. ಹುಡುಗನ ಹಾಳೆಯ ಮೇಲಿದ್ದ ಸಂಖ್ಯೆಗಳೂ ಮುದುಕರ ಗುಂಟೆಗಳೂ ಒಂದೇ ಆಗಿದ್ದುವು. ಒಬ್ಬರಿಗೆ ಅವು ಅಳತೆ. ಇನ್ನೊಬ್ಬನಿಗೆ ಬರಿಯ ಅಂಕಿ.

ಶಾಸ್ತ್ರಕಾರರು ಆರಿಸಿಕೊಂಡ ಪದಗಳನ್ನೇ ಮೊದಲು ನೋಡಬಹುದು. ಭಿನ್ನವೆಂದರೆ ಒಡೆದದ್ದು. ಛೇದವೆಂದರೆ ಕತ್ತರಿಸುವಿಕೆ, ಇಡಿಯನ್ನು ಎಷ್ಟು ತುಂಡು ಮಾಡಲಾಯಿತೆಂಬುದನ್ನು ಅದು ಹೇಳುತ್ತದೆ. ಅಂಶವೆಂದರೆ ಆ ತುಂಡುಗಳಲ್ಲಿ ನಮ್ಮ ಕೈಗೆ ಬಂದದ್ದು. ಛೇದಗಳು ಬೇರೆ ಬೇರೆಯಾಗಿದ್ದಾಗ ತುಂಡುಗಳ ಗಾತ್ರ ಬೇರೆ ಬೇರೆ. ಆಗ ಅಂಶಗಳನ್ನು ಎಣಿಸಿ ಹೋಲಿಸುವುದು ಹಾಗವನ್ನೂ ವೀಸವನ್ನೂ ಒಂದೇ ಚೀಲದಲ್ಲಿ ಹಾಕಿ ನಾಣ್ಯ ಎಣಿಸಿದಂತೆ. ಎರಡನ್ನೂ ಒಂದೇ ಗಾತ್ರದ ತುಂಡುಗಳಾಗುವಂತೆ ಮತ್ತೆ ಕತ್ತರಿಸಿದರೆ, ಅನಂತರ ಎಣಿಕೆಯೊಂದೇ ಉಳಿಯುತ್ತದೆ. ಈ ಮರುಕತ್ತರಿಕೆಯೇ ಸಮಚ್ಛೇದ. ಪದವನ್ನು ಬಿಡಿಸಿ ಹೇಳಿದರೆ ಪಾಠದ ಅರ್ಧಭಾಗ ಮುಗಿದಂತೆಯೇ. ಆದರೆ ಛೇದವೆಂದರೆ ‘ಗೆರೆಯ ಕೆಳಗಿನ ಅಂಕಿ’ ಎಂದಷ್ಟೇ ನಮ್ಮ ಮಕ್ಕಳಿಗೆ ಗೊತ್ತು. ಹಳೆಯ ಓಲೆಗಳಲ್ಲಿ ಅಂಶವನ್ನು ಮೇಲೆಯೂ ಛೇದವನ್ನು ಕೆಳಗೂ ಬರೆಯುತ್ತಿದ್ದರೇ ಹೊರತು ನಡುವೆ ಗೆರೆಯಿರಲಿಲ್ಲವೆಂಬುದನ್ನು ಇಲ್ಲಿ ನೆನೆಯಬಹುದು.

ಕ್ರಿಸ್ತಶಕ 850ರ ಸುಮಾರಿನಲ್ಲಿದ್ದ ಮಹಾವೀರಾಚಾರ್ಯನು ಈ ಪ್ರಕರಣಕ್ಕೆ ಇಟ್ಟ ಹೆಸರು ಇನ್ನೂ ಅರ್ಥವತ್ತಾದದ್ದು. ಗ್ರಂಥಾರಂಭದಲ್ಲಿ ಅಮೋಘವರ್ಷ ನೃಪತುಂಗನನ್ನು ಸ್ತುತಿಸಿರುವ ಈ ಜೈನ ಗಣಿತಜ್ಞನು ತನ್ನ ‘ಗಣಿತಸಾರಸಂಗ್ರಹ’ದ ಭಿನ್ನ ಪ್ರಕರಣವನ್ನು ‘ಕಲಾಸವರ್ಣ ವ್ಯವಹಾರ’ವೆಂದು ಕರೆದಿದ್ದಾನೆ. ಕಲೆಯೆಂದರೆ ಭಾಗ, ಸವರ್ಣವೆಂದರೆ ಒಂದೇ ಬಣ್ಣದ್ದು, ಒಂದೇ ಜಾತಿಯದು. ಭಾಗಗಳನ್ನು ಸಜಾತೀಯವಾಗಿ ಮಾಡುವುದೇ ಭಿನ್ನಗಣಿತದ ಜೀವಾಳವೆಂದು ಅವನು ಪ್ರಕರಣದ ಹೆಸರಿನಲ್ಲಿಯೇ ಸೂಚಿಸಿದಂತಾಯಿತು. ಭಿನ್ನಗಳನ್ನು ಭಾಗ, ಪ್ರಭಾಗ, ಭಾಗಭಾಗ, ಭಾಗಾನುಬಂಧ, ಭಾಗಾಪವಾಹ, ಭಾಗಮಾತೃ ಎಂದು ಆರು ಜಾತಿಗಳಾಗಿ ವಿಂಗಡಿಸಿ ಅವನು ವಿಸ್ತಾರವಾಗಿ ನಿರೂಪಿಸಿದ್ದಾನೆ. ಎಂ. ರಂಗಾಚಾರ್ಯರು ಈ ಗ್ರಂಥವನ್ನು ಸಂಪಾದಿಸಿ ಇಂಗ್ಲಿಷ್ ಅನುವಾದದೊಡನೆ 1912ರಲ್ಲಿ ಮದರಾಸಿನಿಂದ ಪ್ರಕಟಿಸಿದರು. ಕನ್ನಡ ಅನುವಾದವು 2000ದಲ್ಲಿ ಹೊಂಬುಜದಿಂದ ಹೊರಬಂದಿತು.

ಪ್ರಕೃತ ವಿಷಯಕ್ಕೆ ಮಹಾವೀರನ ಮುಖ್ಯ ಕೊಡುಗೆ ‘ನಿರುದ್ಧ’. ಅನೇಕ ಛೇದಗಳಿರುವಾಗ ಅವುಗಳ ಸಾಮಾನ್ಯ ಅಪವರ್ತಕಗಳನ್ನು ತೆಗೆದು, ಆ ಅಪವರ್ತಕಗಳನ್ನೂ ಕೊನೆಗೆ ಉಳಿದ ಲಬ್ಧಗಳನ್ನೂ ಒಟ್ಟಿಗೆ ಗುಣಿಸಿದರೆ ಬರುವುದು ನಿರುದ್ಧ. ನಾವು ಇಂದು ಲ.ಸಾ.ಅ. ಎಂಬ ಮೂರಕ್ಷರಗಳಲ್ಲಿ ಹೇಳುವ ಲಘುತಮ ಸಾಮಾನ್ಯ ಅಪವರ್ತ್ಯವೇ ಇದು. ಭಾರತೀಯ ಗಣಿತಜ್ಞರಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದವರಲ್ಲಿ ಮಹಾವೀರನೇ ಮೊದಲಿಗನೆಂದು ದತ್ತ ಮತ್ತು ಸಿಂಗ್ ತಮ್ಮ ಹಿಂದೂ ಗಣಿತದ ಇತಿಹಾಸದಲ್ಲಿ ಅಭಿಪ್ರಾಯಪಟ್ಟಿದ್ದಾರೆ. ನಮ್ಮದೇ ಒಂದು ಉದಾಹರಣೆಯಿಂದ ಇದರ ಬೆಲೆಯನ್ನು ತಿಳಿಯೋಣ. 3/8, 5/12, 7/18 ಈ ಮೂರು ಪಾಲುಗಳನ್ನು ಹಿರಿಕಿರಿತನದಂತೆ ಜೋಡಿಸಬೇಕಾಗಿದೆ. ಛೇದಗಳನ್ನು ಸುಮ್ಮನೆ ಗುಣಿಸಿದರೆ 1728 ಬರುತ್ತದೆ. 8, 12, 18ನ್ನು ಎರಡರಿಂದ ಭಾಗಿಸಿ 4, 6, 9; ಮೊದಲಿನೆರಡನ್ನು ಮತ್ತೆ ಎರಡರಿಂದ ಭಾಗಿಸಿ 2, 3, 9; ಕೊನೆಯೆರಡನ್ನು ಮೂರರಿಂದ ಭಾಗಿಸಿ 2, 1, 3. ಅಪವರ್ತಕಗಳಾದ 2, 2, 3ನ್ನೂ ಉಳಿದ 2, 1, 3ನ್ನೂ ಗುಣಿಸಿದರೆ ನಿರುದ್ಧ 72. ಆಗ ಪಾಲುಗಳು ಕ್ರಮವಾಗಿ 72ರಲ್ಲಿ 27, 30, 28 ಆಗುತ್ತವೆ. ಹಿರಿದು 5/12, ನಡುವಣದು 7/18, ಕಿರಿದು 3/8. ಯಾವುದು ಯಾವುದಕ್ಕಿಂತ ಎಷ್ಟು ಹೆಚ್ಚೆಂಬುದೂ ಅದೇ ಸಾಲಿನಲ್ಲಿ ತಿಳಿಯಿತು. ಅಡ್ಡ ಗುಣಾಕಾರವಾಗಿದ್ದರೆ ಎರಡೆರಡನ್ನು ಹಿಡಿದು ಮೂರು ಸಲ ಮಾಡಬೇಕಾಗುತ್ತಿತ್ತು, ಮೂರು ಸಲವೂ ಬೇರೆ ಬೇರೆ ಸಂಖ್ಯೆಗಳು ಬರುತ್ತಿದ್ದುವು, ಎಷ್ಟು ಹೆಚ್ಚೆಂಬುದು ತಿಳಿಯದೆಯೇ ಉಳಿಯುತ್ತಿತ್ತು.

ಮಹಾವೀರನ ತರುವಾಯ ಸುಮಾರು ಮುನ್ನೂರು ವರ್ಷಗಳಿಗೆ, 1150ರಲ್ಲಿ, ಭಾಸ್ಕರಾಚಾರ್ಯನ ‘ಲೀಲಾವತಿ’ ಬಂದಿತು. ವಿಜಯಪುರದವರಿಗೆ ಭಾಸ್ಕರನ ಮೇಲೆ ವಿಶೇಷ ಮಮತೆಯುಂಟು. ಅವನು ತನ್ನ ಊರೆಂದು ಹೇಳಿಕೊಂಡಿರುವ ವಿಜ್ಜಡವಿಡವು ವಿಜಯಪುರವೇ ಎಂಬ ನಂಬಿಕೆ ಇಲ್ಲಿ ಬಲವಾಗಿದೆ, ಪುಸ್ತಕಗಳಲ್ಲಿಯೂ ಸೇರಿಕೊಂಡಿದೆ. ನಿಷ್ಪಕ್ಷಪಾತವಾಗಿ ನೋಡಿದರೆ ಈ ವಾದಕ್ಕಿರುವ ಆಧಾರ ಹೆಸರಿನ ಸಾಮ್ಯವೇ ಹೊರತು ಹೆಚ್ಚಿನದೇನಲ್ಲ. ತನ್ನ ಊರು ಸಹ್ಯಪರ್ವತದ ಆಶ್ರಯದಲ್ಲಿದೆಯೆಂದು ಆಚಾರ್ಯನೇ ಹೇಳಿದ್ದಾನೆ. ಅವನ ಮೊಮ್ಮಗ ಚಂಗದೇವನು ಅಜ್ಜನ ಗ್ರಂಥಗಳ ಅಧ್ಯಯನಕ್ಕಾಗಿ ಮಠವನ್ನು ಏರ್ಪಡಿಸಿದ ವಿಚಾರ ತಿಳಿಸುವ 1207ರ ಶಾಸನ ಖಾನದೇಶದ ಪಾಟಣದಲ್ಲಿದೆ. ಈ ಕಾರಣಗಳಿಂದ ಪಾಟಣದ ಪಕ್ಷವೇ ಹೆಚ್ಚು ಬಲವುಳ್ಳದ್ದೆಂದು ನಮಗೆ ತೋರುತ್ತದೆ. ಈ ಮಾತು ನಮ್ಮ ನಗರದ ಮಿತ್ರರಿಗೆ ಹಿತವಾಗದಿರಬಹುದು. ಮಹಾವೀರನ ಮೇಲೆ ಕನ್ನಡ ನಾಡಿಗಿರುವ ಹಕ್ಕು ಇದಕ್ಕಿಂತ ಎಷ್ಟೋ ಗಟ್ಟಿಯಾದದ್ದು. ಆದರೂ ಅವನ ಹೆಸರನ್ನು ಯಾರೂ ಅಷ್ಟಾಗಿ ಎತ್ತುವುದಿಲ್ಲ. ಕನ್ನಡದಲ್ಲಿಯೇ ಗಣಿತ ಬರೆದು ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’ ಮೊದಲಾದ ಗ್ರಂಥಗಳನ್ನು ಕೊಟ್ಟ ಹನ್ನೆರಡನೆಯ ಶತಮಾನದ ರಾಜಾದಿತ್ಯನ ಗತಿಯೂ ಅದೇ.

ಅದಿರಲಿ. ‘ಲೀಲಾವತಿ’ಯ ಭಾಗಜಾತಿಯಲ್ಲಿ ಸಮಚ್ಛೇದಕ್ಕೆ ಎರಡು ದಾರಿಗಳಿವೆ. ಮೊದಲನೆಯದು, ಒಂದರ ಅಂಶಚ್ಛೇದಗಳನ್ನು ಇನ್ನೊಂದರ ಛೇದದಿಂದ ಪರಸ್ಪರ ಗುಣಿಸುವುದು. ಎರಡನೆಯದು, ಛೇದಗಳಲ್ಲಿ ಸಾಮಾನ್ಯ ಅಪವರ್ತಕವಿದ್ದರೆ ಮೊದಲು ಅದರಿಂದ ಭಾಗಿಸಿ, ಹೀಗೆ ಸಣ್ಣದಾದ ಛೇದಗಳಿಂದ ಗುಣಿಸುವುದು. ಬುದ್ಧಿಯುಳ್ಳವನು ಹೀಗೆ ಮಾಡುತ್ತಾನೆಂದು ಆಚಾರ್ಯನ ಸೂಚನೆ. ಉದಾಹರಣೆಗಳೂ ಎರಡು. ಕೂಡುವುದಕ್ಕಾಗಿ 3, 1/5, 1/3ನ್ನು ಕೊಟ್ಟಿದ್ದಾನೆ. ಮೂರಕ್ಕೆ ಒಂದೆಂಬ ಛೇದವನ್ನು ಕಲ್ಪಿಸಿ, ಎಲ್ಲವನ್ನೂ ಹದಿನೈದಕ್ಕೆ ತಂದರೆ 45, 3, 5 ಆಗಿ ಮೊತ್ತ 53/15. ಕಳೆಯುವುದಕ್ಕಾಗಿ ಕೊಟ್ಟದ್ದು 1/63 ಮತ್ತು 1/14. ಇವೆರಡು ಛೇದಗಳಿಗೂ 7 ಅಪವರ್ತಕ. ಭಾಗಿಸಿದರೆ 9 ಮತ್ತು 2. ಸುಮ್ಮನೆ ಗುಣಿಸಿದ್ದರೆ ಬರುತ್ತಿದ್ದ 882ರ ಬದಲು 126 ಸಾಕಾಯಿತು. ಒಂದು 2/126, ಇನ್ನೊಂದು 9/126. ಅಂತರ 7/126, ಎಂದರೆ 1/18.

ಇಲ್ಲಿ ವಿಮರ್ಶಕನು ನಿಲ್ಲಬೇಕಾದ ಸ್ಥಳವೊಂದಿದೆ. ಭಿನ್ನಗಳ ಹಿರಿಕಿರಿತನವನ್ನು ಅಳೆಯಲು ‘ಲೀಲಾವತಿ’ಯಲ್ಲಿ ಪ್ರತ್ಯೇಕ ಸೂತ್ರವಿಲ್ಲ. ಇದು ಲೋಪವೇ? ನಾವು ಹಾಗೆ ತಿಳಿಯುವುದಿಲ್ಲ. ಕಳೆಯುವವನಿಗೆ ಯಾವುದರಿಂದ ಯಾವುದನ್ನು ಕಳೆಯಬೇಕೆಂಬುದು ಮೊದಲು ತಿಳಿದಿರಬೇಕು. ಉದಾಹರಣೆಯಲ್ಲಿ ಮೊದಲು ಹೇಳಿರುವುದು ಅರವತ್ತಮೂರನೆಯ ಭಾಗ, ಅನಂತರ ಹದಿನಾಲ್ಕನೆಯದು. ದೊಡ್ಡ ಅಂಕಿಯನ್ನು ಕಂಡು ದೊಡ್ಡ ಪಾಲೆಂದು ಬಗೆಯುವ ಹುಡುಗ, ನಮ್ಮ ಹಳ್ಳಿಯ ಹುಡುಗನಂತೆಯೇ, ಇಲ್ಲಿ ಮುಗ್ಗರಿಸುತ್ತಾನೆ. ಸಮಚ್ಛೇದವಾದ ಕೂಡಲೇ 2 ಮತ್ತು 9 ಕಣ್ಣೆದುರಿಗೆ ನಿಂತು ಅವನನ್ನು ತಿದ್ದುತ್ತವೆ. ಆಚಾರ್ಯನು ಈ ಕ್ರಮವನ್ನು ಬೇಕೆಂದೇ ಇಟ್ಟನೋ ಛಂದಸ್ಸಿಗಾಗಿ ಇಟ್ಟನೋ, ಫಲವಂತೂ ಒಂದೇ. ತಾರತಮ್ಯವು ಬೇರೆ ಕ್ರಿಯೆಯಲ್ಲ, ಕೂಡುವ ಕಳೆಯುವ ಕ್ರಿಯೆಗಳ ಒಳಗೇ ಇರುವಂತಹದು ಎಂಬುದು ಪ್ರಾಚೀನರ ದೃಷ್ಟಿಯೆಂದು ಹೇಳಬಹುದು. ಆದರೆ ಭಾಸ್ಕರನ ಸೂತ್ರದಲ್ಲಿ ಒಂದು ಮಿತಿಯನ್ನು ಒಪ್ಪಿಕೊಳ್ಳಲೇಬೇಕು. ಅಪವರ್ತನದ ಉಪಾಯವು ಎರಡು ಛೇದಗಳನ್ನು ಮುಂದಿಟ್ಟುಕೊಂಡು ಹೇಳಿದ್ದು. ಮೂರು ನಾಲ್ಕು ಛೇದಗಳು ಬಂದಾಗ ಅದನ್ನು ಮತ್ತೆ ಮತ್ತೆ ಪ್ರಯೋಗಿಸಬೇಕು. ಎಷ್ಟೇ ಛೇದಗಳಿದ್ದರೂ ಒಮ್ಮೆಗೇ ನಿರುದ್ಧವನ್ನು ತೆಗೆಯುವ ಮಹಾವೀರನ ಕ್ರಮ ಈ ಒಂದು ವಿಷಯದಲ್ಲಿ ಮೇಲಾದದ್ದು. ‘ಲೀಲಾವತಿ’ಯ ಕೀರ್ತಿ ದೊಡ್ಡದು, 1587ರಲ್ಲಿ ಅಕಬರನ ಆಸ್ಥಾನದ ಫೈಜಿಯಿಂದ ಪಾರಸಿಗೂ 1817ರಲ್ಲಿ ಕೋಲ್‌ಬ್ರೂಕನಿಂದ ಇಂಗ್ಲಿಷಿಗೂ ಅದು ಹೋಯಿತು. ಕೀರ್ತಿಯ ಈ ಭಾರದಿಂದಲೇ ಹಿಂದಿನ ಗ್ರಂಥದ ಉತ್ತಮಾಂಶಗಳು ಮರೆಯಾದುವೆಂದು ನಮ್ಮ ಅನುಮಾನ.

ಇದು ಶಾಸ್ತ್ರದ ಮಾತು. ವ್ಯವಹಾರದಲ್ಲಿ ಜನರು ಪ್ರತಿಯೊಂದು ಲೆಕ್ಕಕ್ಕೂ ನಿರುದ್ಧವನ್ನು ಹುಡುಕುತ್ತ ಕೂಡಲಿಲ್ಲ. ಅವರು ಮೊದಲೇ ಒಂದು ಸಾಮಾನ್ಯ ಛೇದವನ್ನು ಗೊತ್ತುಮಾಡಿಕೊಂಡು, ಎಲ್ಲ ಪಾಲುಗಳನ್ನೂ ಅದರಲ್ಲಿಯೇ ಹೇಳುವ ಪದ್ಧತಿಯನ್ನಿಟ್ಟರು. ಶಾಸನಗಳಲ್ಲಿ ಬರುವ ಹಾಗ ಹಣದ ಕಾಲಂಶ, ವೀಸ ಹದಿನಾರನೆಯ ಅಂಶ. ರೂಪಾಯಿಗೆ 16 ಆಣೆ, ಆಣೆಗೆ 12 ಪೈ, ಒಟ್ಟು 192 ಪೈ. ಎಕರೆಗೆ 40 ಗುಂಟೆ, ಗುಂಟೆಗೆ 16 ಆಣೆ. ವಿಜಯಪುರ ಜಿಲ್ಲೆ ಮುಂಬಯಿ ಇಲಾಖೆಯಲ್ಲಿದ್ದ ಕಾಲದಲ್ಲಿ ಅಂಕಲಿಪಿ ಹಿಡಿದು ಓದಿದ ಹಿರಿಯರು ಪಾವಕಿ, ನಿಮಕಿ, ಪಾವಣಕಿ, ಸವಾಯಿಕಿ, ದೀಡಕಿಗಳನ್ನು ಬಾಯಿಪಾಠ ಮಾಡಿದವರು; ಕಾಲು, ಅರೆ, ಮುಕ್ಕಾಲುಗಳ ಮಗ್ಗಿಯೇ ಇವು. ಪಾಲಿಗೆ ಹೊಲ ಮಾಡುವವರು ಇಂದಿಗೂ ‘ನಾಕಾಣೆ ಪಾಲು’, ‘ಆರಾಣೆ ಪಾಲು’ ಎನ್ನುತ್ತಾರೆ. ಆಣೆಯ ನಾಣ್ಯ ಹೋಗಿ ಎಷ್ಟೋ ಕಾಲವಾಯಿತು. 1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯಪದ್ಧತಿ ಜಾರಿಗೆ ಬಂದಿತು. ಆದರೂ ಉತಾರದಲ್ಲಿ ಎಕರೆ, ಗುಂಟೆಗಳ ಮುಂದೆ ಆಣೆ ನಿಂತೇ ಇದೆ. ರೂಪಾಯಿಯ ಮೂರೆಂಟಂಶ ದೊಡ್ಡದೋ ಐದುಹನ್ನೆರಡಂಶ ದೊಡ್ಡದೋ ಎಂದರೆ ಆ ಕಾಲದ ಅಂಗಡಿಕಾರನು ಲೇಖನಿಯನ್ನೇ ಎತ್ತಬೇಕಾಗಿರಲಿಲ್ಲ: ಒಂದು ಆರಾಣೆ, ಇನ್ನೊಂದು ಆರಾಣೆ ಎಂಟು ಪೈ.

ಈ ಸ್ಥಿರಚ್ಛೇದಗಳನ್ನು ಹೊಗಳುತ್ತ ಅವುಗಳ ದೋಷವನ್ನು ಮರೆಯಬಾರದು. 192ಕ್ಕೆ ಮೂರು, ಎಂಟು, ಹನ್ನೆರಡು ಸಲ್ಲುತ್ತವೆ. ಐದು, ಏಳು, ಒಂಬತ್ತು ಸಲ್ಲುವುದಿಲ್ಲ. ರೂಪಾಯಿಯ ಐದನೆಯ ಭಾಗ 38 ಪೈ ಆಗಿ ಮೇಲೆ ಚೂರು ಉಳಿಯುತ್ತದೆ. 40 ಗುಂಟೆಗೆ ಐದೂ ಎಂಟೂ ಒಗ್ಗುತ್ತವೆ, ಮೂರು ಒಗ್ಗುವುದಿಲ್ಲ. ನೂರು ಪೈಸೆಯ ರೂಪಾಯಿಗೂ ಮೂರರ ಹಗೆತನ ಹಾಗೆಯೇ ಉಂಟು, ಎಂಟರದ್ದೂ ಸೇರಿಕೊಂಡಿತು. ಎಲ್ಲ ಪಾಲುಗಳಿಗೂ ಒಗ್ಗುವ ಒಂದೇ ಒಂದು ಸ್ಥಿರಚ್ಛೇದವಿರಲು ಸಾಧ್ಯವಿಲ್ಲ. ಆದುದರಿಂದಲೇ ಎದುರಿಗಿರುವ ಪಾಲುಗಳನ್ನು ನೋಡಿ ಅವುಗಳಿಗೆ ತಕ್ಕ ಛೇದವನ್ನು ಆಗಲೇ ಹುಟ್ಟಿಸಿಕೊಳ್ಳುವ ನಿರುದ್ಧದ ಯುಕ್ತಿ ಬೇಕಾಯಿತು. ಗುಂಟೆಯಿಂದ ನಿರುದ್ಧಕ್ಕೆ ಹೋಗುವ ಈ ಹೆಜ್ಜೆಯೇ ಪಾಠದ ತಿರುಳು. ಹಳ್ಳಿಯ ಅಜ್ಜನಲ್ಲಿ ಹೆಜ್ಜೆಯ ಈಚೆಯ ದಡವುಂಟು, ಶಾಲೆಯ ಹುಡುಗನಲ್ಲಿ ಆಚೆಯ ದಡದ ಸೂತ್ರವುಂಟು. ನಡುವಣ ದಾರಿಯನ್ನು ತೋರಿಸುವವರಿಲ್ಲ.

ವಿಜಯಪುರ ನಗರದಲ್ಲಿ ಈ ದಾರಿ ಇನ್ನೊಂದು ಸಂಪ್ರದಾಯದಲ್ಲಿ ಪೂರ್ಣವಾಗಿ ಉಳಿದಿರುವುದನ್ನು ಇಲ್ಲಿ ಹೇಳದಿದ್ದರೆ ನಮ್ಮ ಪರಿಶೀಲನೆ ಏಕಪಕ್ಷೀಯವಾದೀತು. ಆದಿಲಶಾಹಿಗಳ ರಾಜಧಾನಿಯಾಗಿದ್ದ ಈ ನಗರದ ಮುಸಲ್ಮಾನ ಕುಟುಂಬಗಳಲ್ಲಿ ಆಸ್ತಿ ವಿಭಾಗವು ಫರಾಯಿಜ್ ಎಂಬ ಶಾಸ್ತ್ರದ ಪ್ರಕಾರ ನಡೆಯುತ್ತದೆ. ಅಲ್ಲಿ ನಿಯತವಾದ ಪಾಲುಗಳು 1/2, 1/4, 1/8, 2/3, 1/3, 1/6 ಈ ಆರು. ಲೆಕ್ಕ ಮಾಡುವವನ ಮೊದಲ ಕೆಲಸವೇ ಸಮಸ್ಯೆಯ ‘ಅಸ್ಲ್’, ಎಂದರೆ ಮೂಲವನ್ನು ಗೊತ್ತುಮಾಡುವುದು. ಅದು ಛೇದಗಳ ನಿರುದ್ಧವಲ್ಲದೆ ಬೇರಲ್ಲ. 2, 3, 4, 6, 8, 12, 24 ಎಂಬ ಏಳೇ ಮೂಲಗಳು ಸಾಕೆಂದು ಅವರು ಕಂಡುಕೊಂಡರು. ಒಬ್ಬನು ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ತಂದೆ, ತಾಯಿ ಇವರನ್ನು ಬಿಟ್ಟು ತೀರಿದನೆಂದು ಇಟ್ಟುಕೊಳ್ಳೋಣ. ಹೆಂಡತಿಗೆ 1/8, ಹೆಣ್ಣುಮಕ್ಕಳಿಬ್ಬರಿಗೂ ಕೂಡಿ 2/3, ತಂದೆತಾಯಿಗಳಿಗೆ ತಲೆಗೆ 1/6. ಮೂಲ 24; ಪಾಲುಗಳು 3, 16, 4, 4. ಮೊತ್ತ 27 ಆಯಿತು! ಇರುವುದಕ್ಕಿಂತ ಹಂಚಬೇಕಾದದ್ದು ಹೆಚ್ಚು. ಆಗ ಮೂಲವನ್ನೇ 24ರಿಂದ 27ಕ್ಕೆ ಏರಿಸುತ್ತಾರೆ. ಇದಕ್ಕೆ ‘ಔಲ್’ ಎಂದು ಹೆಸರು. ಎಲ್ಲರ ಪಾಲೂ ಒಂದೇ ಪ್ರಮಾಣದಲ್ಲಿ ಇಳಿದು, ಹೆಂಡತಿಯ ಎಂಟನೆಯ ಪಾಲು ಒಂಬತ್ತನೆಯದಾಗುತ್ತದೆ. ಖಲೀಫ ಅಲಿಯವರು ಪ್ರವಚನಪೀಠದ ಮೇಲಿದ್ದಾಗಲೇ ಈ ಉತ್ತರವನ್ನು ಹೇಳಿದರೆಂಬ ಐತಿಹ್ಯದಿಂದ ಇದನ್ನು ಮಿಂಬರಿಯ್ಯಾ ಎನ್ನುವರು. ಬಿಡಿಬಿಡಿಯಾಗಿ ನೋಡಿದರೆ 1/8, 2/3, 1/6, 1/6 ಇವು ಇಡಿಯನ್ನು ಮೀರುತ್ತವೆಂಬುದು ಯಾರ ಕಣ್ಣಿಗೂ ತಕ್ಷಣ ಬೀಳಲಾರದು. 24ರ ಮೇಲೆ ತಂದು ನಿಲ್ಲಿಸಿದರೆ ಮುಚ್ಚಿಡುವುದಕ್ಕೆ ಆಗುವುದೇ ಇಲ್ಲ. ಬಗ್ದಾದಿನ ಅಲ್ ಖ್ವಾರಿಜ್ಮಿಯು ಬೀಜಗಣಿತವನ್ನು ಕುರಿತು ಬರೆದ ಗ್ರಂಥದಲ್ಲಿ ದೊಡ್ಡ ಭಾಗವೇ ದಾಯವಿಭಾಗದ ಲೆಕ್ಕಗಳಿಗೆ ಮೀಸಲಾಗಿದೆ. ಅವನೂ ನಮ್ಮ ಮಹಾವೀರನೂ ಒಂದೇ ಶತಮಾನದವರು.

ಈಗ ಶಾಲೆಯ ಪಾಠಕ್ರಮಕ್ಕೆ ಬರೋಣ. ಸಮಚ್ಛೇದ ಭಿನ್ನಗಳು, ವಿಷಮಚ್ಛೇದ ಭಿನ್ನಗಳು, ಸಮಾನ ಭಿನ್ನಗಳು, ಲ.ಸಾ.ಅ. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರುವ ಕ್ರಮದಲ್ಲಿ ತಾರ್ಕಿಕವಾಗಿ ತಪ್ಪಿಲ್ಲ. ತಪ್ಪಿರುವುದು ವೇಗದ ಆಸೆಯಲ್ಲಿ. ಎರಡು ಮೂರು ಲೆಕ್ಕಗಳಾದ ಕೂಡಲೇ ‘ಸುಲಭೋಪಾಯ’ವೆಂದು ಅಡ್ಡ ಗುಣಾಕಾರವನ್ನು ಹೇಳಿಕೊಡುತ್ತಾರೆ. ಅಡ್ಡ ಗುಣಾಕಾರವೆಂದರೆ ಛೇದವನ್ನು ಬಾಯಿಬಿಟ್ಟು ಹೇಳದ ಸಮಚ್ಛೇದ. 24 ಮತ್ತು 25ರ ಕೆಳಗಿನ 40ನ್ನು ಅಳಿಸಿ ಮೇಲಿನದನ್ನಷ್ಟೇ ತೋರಿಸುವುದು. ಅಳಿಸಿದ್ದು ಏನೆಂದು ಗೊತ್ತಿದ್ದವನಿಗೆ ಅದು ಉಪಾಯ. ಗೊತ್ತಿಲ್ಲದವನಿಗೆ ಅದು ಕಣ್ಕಟ್ಟು. ಪರೀಕ್ಷೆಯಲ್ಲಿ ಇಬ್ಬರಿಗೂ ಸಮಾನ ಅಂಕ ಬರುವುದರಿಂದ ಉಪಾಧ್ಯಾಯರಿಗೂ ಭೇದ ತಿಳಿಯುವುದಿಲ್ಲ. ಇದು ನಮ್ಮ ಜಿಲ್ಲೆಯೊಂದರ ದುರವಸ್ಥೆಯೆಂದು ಯಾರೂ ಭಾವಿಸಬೇಕಾಗಿಲ್ಲ. ಅಮೆರಿಕದಲ್ಲಿ 1978ರ ರಾಷ್ಟ್ರೀಯ ಪರೀಕ್ಷೆಯೊಂದರಲ್ಲಿ ಹದಿಮೂರು ವಯಸ್ಸಿನ ಮಕ್ಕಳಿಗೆ 12/13 ಮತ್ತು 7/8ರ ಮೊತ್ತ ಸುಮಾರಾಗಿ ಎಷ್ಟೆಂದು ಕೇಳಿ, 1, 2, 19, 21 ಎಂಬ ಉತ್ತರಗಳಲ್ಲಿ ಆರಿಸಲು ಹೇಳಿದರು. ಎರಡು ಎಂದವರು ನೂರಕ್ಕೆ 24 ಮಂದಿ. ಅರ್ಧಕ್ಕಿಂತ ಹೆಚ್ಚು ಮಕ್ಕಳು 19 ಅಥವಾ 21 ಎಂದರು: ಅಂಶಗಳನ್ನು ಕೂಡಿದವರು ಕೆಲವರು, ಛೇದಗಳನ್ನು ಕೂಡಿದವರು ಕೆಲವರು. ಒಂದಕ್ಕಿಂತ ಕಡಿಮೆಯಾದ ಎರಡು ಪಾಲುಗಳು ಸೇರಿ ಹತ್ತೊಂಬತ್ತಾಗುವುದು ಹೇಗೆಂದು ಅವರಿಗೆ ತೋರಲೇ ಇಲ್ಲ.

ಸಮಚ್ಛೇದವೇ ಏಕೆ, ಬೇರೆ ದಾರಿಗಳಿಲ್ಲವೆ ಎಂದು ಕೇಳುವವರುಂಟು. ಇವೆ. 7/8, 11/12ರಂತಹವನ್ನು ಇಡಿಗೆ ಎಷ್ಟು ಕೊರತೆಯೆಂದು ನೋಡಿದರೆ ಸಾಕು. ಎಂಟನೆಯ ಪಾಲಿಗಿಂತ ಹನ್ನೆರಡನೆಯ ಪಾಲಿನ ಕೊರತೆ ಸಣ್ಣದು. 3/7 ಅರ್ಧಕ್ಕಿಂತ ಕಡಿಮೆ, 5/9 ಅರ್ಧಕ್ಕಿಂತ ಹೆಚ್ಚು. ಇಲ್ಲಿಯೂ ಗುಣಾಕಾರ ಬೇಡ. ಛೇದಗಳ ಬದಲು ಅಂಶಗಳನ್ನೇ ಸಮಮಾಡಬಹುದು: 3/5 ಎಂಬುದು 15/25, 5/8 ಎಂಬುದು 15/24, ಅಂಶಗಳು ಒಂದೇ ಆದುದರಿಂದ ಛೇದ ಚಿಕ್ಕದಾದದ್ದು ಹಿರಿಯ ಪಾಲು. ಈ ಉಪಾಯಗಳಿಂದ ಬುದ್ಧಿ ಚುರುಕಾಗುವುದೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ತರಗತಿಯಲ್ಲಿ ಇವುಗಳಿಗೆ ಈಗಿರುವುದಕ್ಕಿಂತ ಹೆಚ್ಚು ಅವಕಾಶ ಸಲ್ಲಬೇಕು. ಆದರೆ ಇವೆಲ್ಲ ಹಿರಿದಾವುದೆಂದು ಹೇಳಿ ಸುಮ್ಮನಾಗುತ್ತವೆ. ಎಷ್ಟು ಹಿರಿದೆಂಬುದನ್ನು ಹೇಳುವುದು ಸಮಚ್ಛೇದವೊಂದೇ. ಪಾಲು ಕೇಳುವವನಿಗೆ ಬೇಕಾದದ್ದು ಇದೇ ಅಲ್ಲವೆ?

ಇನ್ನೊಂದು ಆಕ್ಷೇಪವನ್ನು ನಾವೇ ಎತ್ತುತ್ತೇವೆ. ಛೇದ ಸಮವಾದರೆ ಸಾಲದು, ಇಡಿಯೂ ಒಂದೇ ಆಗಿರಬೇಕು. ಡೋಣಿಯ ಎರಿಯಲ್ಲಿ ಎಂಟನೆಯ ಪಾಲು, ನೀರಿಲ್ಲದ ಮಡ್ಡಿಯಲ್ಲಿ ಆರನೆಯ ಪಾಲು, ಯಾವುದು ದೊಡ್ಡದು? ಎಕರೆಗೆ 5 ಗುಂಟೆ ಮತ್ತು 6 ಗುಂಟೆ 10 ಆಣೆ 8 ಪೈ ಎಂದು ಅಂಕಗಣಿತ ಹೇಳಿಬಿಡುತ್ತದೆ, ಒಕ್ಕಲಿಗನು ಒಪ್ಪುವುದಿಲ್ಲ. ಅವನು ಒಪ್ಪದಿರುವುದು ಗಣಿತ ತಿಳಿಯದೆ ಅಲ್ಲ, ಇಡಿಯೇ ಬೇರೆಯೆಂಬುದನ್ನು ತಿಳಿದು. ಪುಸ್ತಕಗಳ ಲೆಕ್ಕಗಳಲ್ಲಿ ಇಡಿ ಯಾವುದೆಂಬ ಮಾತೇ ಇರುವುದಿಲ್ಲ. 1/8 ಮತ್ತು 1/6 ಎಂದು ಬರಿಯ ಅಂಕಿಗಳು ನಿಂತಿರುತ್ತವೆ. ಇದು ದೊಡ್ಡ ಲೋಪ.

ಈ ಪಾಠ ಚೆನ್ನಾಗಿ ಬರದಿದ್ದರೆ ಆಗುವ ನಷ್ಟ ಪರೀಕ್ಷೆಯ ಅಂಕಗಳದ್ದು ಮಾತ್ರವಲ್ಲವೆಂಬುದಕ್ಕೆ ಹಿಂದೂ ದಾಯವಿಭಾಗದಿಂದ ಒಂದು ಲೆಕ್ಕವನ್ನು ತೋರಿಸುತ್ತೇವೆ. ತಂದೆ, ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು. ತಾಯಿ ಮೊದಲೇ ತೀರಿದ್ದಾಳೆ. ಪಿತ್ರಾರ್ಜಿತವಾದ ಹೊಲ 12 ಎಕರೆ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ ಮೂಲರೂಪದ ಪ್ರಕಾರ, ತಂದೆ ತೀರಿದಾಗ ಮೊದಲು ತಂದೆಗೂ ಗಂಡುಮಕ್ಕಳಿಬ್ಬರಿಗೂ ತಲೆಗೆ 1/3ರಂತೆ ವಿಭಾಗವಾಯಿತೆಂದು ಭಾವಿಸಿ, ಅನಂತರ ತಂದೆಯ 1/3ನ್ನು ಮೂವರು ಮಕ್ಕಳಿಗೂ ಹಂಚಬೇಕಾಗಿತ್ತು. ಮಗಳಿಗೆ ಬಂದದ್ದು 1/3ರಲ್ಲಿ 1/3, ಎಂದರೆ 1/9. ಮಗನಿಗೆ 1/3 ಮತ್ತು 1/9. ನಿರುದ್ಧ 27 ಅಲ್ಲ, 9. ಆದುದರಿಂದ 3/9 ಮತ್ತು 1/9 ಕೂಡಿ 4/9. ‘ತಂದೆಯ ಪಾಲಿನಲ್ಲಿ ಮೂವರಿಗೂ ಸಮಪಾಲು’ ಎಂಬ ಮಾತು ಕೇಳುವುದಕ್ಕೆ ಎಷ್ಟು ಸಮವಾಗಿದೆ! ಸಮಚ್ಛೇದಕ್ಕೆ ತಂದಾಗ ಒಂದಕ್ಕೆ ನಾಲ್ಕು. ಕರ್ನಾಟಕದಲ್ಲಿ 1994ರ ತಿದ್ದುಪಡಿಯಿಂದ, ಆಗಲೇ ಮದುವೆಯಾಗಿದ್ದವರನ್ನು ಬಿಟ್ಟು, ಹೆಣ್ಣುಮಕ್ಕಳಿಗೂ ಹುಟ್ಟಿನಿಂದ ಹಕ್ಕು ಬಂದಿತು. 2005ರ ಕೇಂದ್ರ ತಿದ್ದುಪಡಿ ಆ ಭೇದವನ್ನೂ ತೆಗೆಯಿತು. ತಂದೆ 2005ರಲ್ಲಿ ಬದುಕಿರಬೇಕೆಂಬ ನಿಯಮವಿಲ್ಲವೆಂದು 2020ರಲ್ಲಿ ಸರ್ವೋಚ್ಚ ನ್ಯಾಯಾಲಯ ಸ್ಪಷ್ಟಪಡಿಸಿತು. ಈಗ ಮಗಳ ಪಾಲು 1/3, ಎಂದರೆ 3/9. ಹೊಲದ ಲೆಕ್ಕದಲ್ಲಿ ಹೇಳುವುದಾದರೆ, ಮೊದಲು ಅವಳಿಗೆ ಬರುತ್ತಿದ್ದದ್ದು 1 ಎಕರೆ 13 ಗುಂಟೆ 5 ಆಣೆ, ಆಣೆಗೆ 12 ಪೈ ಹಿಡಿದರೆ ಮೇಲೆ 4 ಪೈ. ಈಗ 4 ಎಕರೆ. ವಾಟ್ನಿ ಪತ್ರದ ಮುಂದೆ ಕುಳಿತ ಹೆಣ್ಣುಮಗಳಿಗೆ ‘ಒಂಬತ್ತರಲ್ಲಿ ಒಂದು’ ಎಂಬುದೂ ‘ಮೂರರಲ್ಲಿ ಒಂದು’ ಎಂಬುದೂ ಒಂದೊಂದು ಪಾಲಾಗಿಯೇ ಕೇಳಿಸಬಹುದು. ಒಂಬತ್ತು ದೊಡ್ಡ ಅಂಕಿಯಾದುದರಿಂದ ಅದೇ ಮೇಲೆಂದೂ ಯಾರಾದರೂ ನಂಬಿಸಬಹುದು.

ಆದಕಾರಣ ನಮ್ಮ ಸೂಚನೆ ಹೀಗಿದೆ. ಪಾಠವು ಲ.ಸಾ.ಅ.ದಿಂದ ಆರಂಭವಾಗದೆ ಮಗುವಿನ ಊರಿನ ಅಳತೆಯಿಂದ ಆರಂಭವಾಗಲಿ. ವಿಜಯಪುರ ಸೀಮೆಯಲ್ಲಿ ಅದು ಗುಂಟೆ. ಇನ್ನೊಂದು ಕಡೆ ಇನ್ನೊಂದು. 3/5, 5/8ರಂತೆ 40ಕ್ಕೆ ಒಗ್ಗುವ ಪಾಲುಗಳನ್ನು ಮೊದಲು ಗುಂಟೆಯಲ್ಲಿಯೇ ಹೋಲಿಸಿ, ಬಳಿಕ ಒಗ್ಗದ ಪಾಲೊಂದನ್ನು, ಮೂರನೆಯದನ್ನೋ ಏಳನೆಯದನ್ನೋ, ಎದುರಿಗಿಡಬೇಕು. ಎಕರೆಯ ಮೂರನೆಯ ಪಾಲಿಗೆ 13 ಗುಂಟೆ ಹಾಕಿ ಒಂದು ಗುಂಟೆ ಉಳಿದಾಗ, ಅದನ್ನು ಹೇಗೆ ಹಂಚಬೇಕೆಂದು ಮಕ್ಕಳೇ ಜಗಳವಾಡಲಿ. 40ರ ಬದಲು ಎಕರೆಯನ್ನು ಎಷ್ಟು ತುಂಡು ಮಾಡಿದ್ದರೆ ಐದಕ್ಕೂ ಎಂಟಕ್ಕೂ ಮೂರಕ್ಕೂ ಸರಿಹೋಗುತ್ತಿತ್ತೆಂಬ ಪ್ರಶ್ನೆ ಆಗ ತಾನಾಗಿಯೇ ಏಳುತ್ತದೆ. 120 ಎಂಬ ಉತ್ತರವನ್ನು ಹುಡುಗರು ಹೇಳಿದ ಮೇಲೆ ಮಹಾವೀರನ ಹೆಸರನ್ನು ಹೇಳಿದರೂ ಸಾಕು. ಅಡ್ಡ ಗುಣಾಕಾರವನ್ನು ಮರುವರ್ಷ ಹೇಳಿಕೊಡಬಹುದು.